ಸಣ್ಣ ಮಿಲ್ಲಿಂಗ್ ಮೆಷಿನ್‌ನ ಟೇಬಲ್ ಇನ್ನೊಂದಿಷ್ಟು ಮುಂದೆ ಹೋಗಬೇಕಾದರೆ

ತಿರುಗುವ ಕಟರ್‌ನಿಂದ ಲೋಹ ಕೊರೆಯುವ, ಬೆಂಚಿನ ಮೇಲೆ ಇಡುವ ಸಣ್ಣ ಮಿಲ್ಲಿಂಗ್ ಮೆಷಿನ್‌ನಲ್ಲಿ ಕೆಲಸ ಶುರು ಮಾಡಿದವರಿಗೆ ಬೇಗನೆ ಎದುರಾಗುವ ತೊಂದರೆ ಒಂದಿದೆ. ಪ್ಲೇಟಿನ ಮೇಲೆ ಐದು ತೂತು ಹಾಕಬೇಕು. ನಾಲ್ಕು ಆಯಿತು. ಐದನೆಯದಕ್ಕೆ ಇನ್ನು ಎಂಟು ಮಿ.ಮೀ. ಇದೆ ಅನ್ನುವಾಗ ಹ್ಯಾಂಡಲ್ ನಿಂತುಬಿಡುತ್ತದೆ. ಎಷ್ಟು ಒತ್ತಿದರೂ ಟೇಬಲ್ ಅದರಾಚೆ ಹೋಗುವುದಿಲ್ಲ. ಮೋಟರ್‌ಗೆ ಶಕ್ತಿ ಇದೆ, ಕಟರ್ ಹರಿತವಾಗಿದೆ, ಜಾಗ ಮಾತ್ರ ಸಾಲದು.

ಇದಕ್ಕೆ ದೊಡ್ಡ ಮೆಷಿನ್ ಕೊಳ್ಳುವುದೊಂದೇ ದಾರಿ ಅಂತ ಏನಿಲ್ಲ. ಎಷ್ಟೋ ಸಣ್ಣ ಮೆಷಿನ್‌ಗಳಲ್ಲಿ ಹತ್ತಿಪ್ಪತ್ತು ಮಿ.ಮೀ. ಬಳಕೆಗೆ ಬಾರದೆ ಒಳಗೇ ಉಳಿದಿರುತ್ತದೆ. ಅದನ್ನು ಪಡೆಯಬಹುದು. ಆದರೆ ಎಲ್ಲ ಮಿಲಿಮೀಟರ್‌ಗಳೂ ಒಂದೇ ಬೆಲೆಗೆ ಸಿಗುವುದಿಲ್ಲ. ಕೆಲವು ಪುಕ್ಕಟೆ. ಕೆಲವಕ್ಕೆ ಮೆಷಿನ್‌ನ ಬಿಗಿಯನ್ನೇ ಬಿಟ್ಟುಕೊಡಬೇಕಾಗುತ್ತದೆ. ಯಾವುದು ಯಾವ ಬಗೆಯದು ಅಂತ ಮೊದಲೇ ಗೊತ್ತಿದ್ದರೆ ಗ್ರೈಂಡರ್ ಕೈಗೆ ತೆಗೆದುಕೊಳ್ಳುವ ಮುಂಚೆ ಯೋಚಿಸಲು ಅವಕಾಶ ಸಿಗುತ್ತದೆ.

## ಮೊದಲು ಭಾಗಗಳ ಪರಿಚಯ

ಎಲ್ಲಕ್ಕಿಂತ ಕೆಳಗೆ ಇರುವುದು ಬೇಸ್, ಬೀಡು ಕಬ್ಬಿಣದ ಎರಕ. ಬೇಸ್ ಮೇಲೆ ಹಿಂದೆ ಮುಂದೆ ಜಾರುವ ತುಂಡು ಸ್ಯಾಡಲ್. ಸ್ಯಾಡಲ್ ಮೇಲೆ ಎಡಕ್ಕೆ ಬಲಕ್ಕೆ ಜಾರುವುದು ಟೇಬಲ್. ನಮ್ಮ ಜಾಬ್, ಅಂದರೆ ಕೊರೆಯಬೇಕಾದ ಲೋಹದ ತುಂಡು, ಟೇಬಲ್ ಮೇಲೆ ವೈಸ್‌ನಲ್ಲಿ, ಅಂದರೆ ಎರಡು ದವಡೆಗಳ ನಡುವೆ ಬಿಗಿದು ಹಿಡಿಯುವ ಸಾಧನದಲ್ಲಿ, ಕೂರುತ್ತದೆ. ಬೇಸ್‌ನ ಹಿಂಭಾಗದಲ್ಲಿ ನೆಟ್ಟಗೆ ನಿಂತಿರುವುದು ಕಾಲಮ್. ಅದರ ಮೇಲೆ ಏರಿ ಇಳಿಯುವುದು ಹೆಡ್. ಹೆಡ್ ಒಳಗೆ ತಿರುಗುವ ಸ್ಪಿಂಡಲ್, ಸ್ಪಿಂಡಲ್ ತುದಿಯಲ್ಲಿ ಕಟರ್.

ಟೇಬಲ್‌ನ ಎಡಬಲ ಚಲನೆಗೆ ಎಕ್ಸ್, ಸ್ಯಾಡಲ್‌ನ ಹಿಂದುಮುಂದಿನ ಚಲನೆಗೆ ವೈ, ಹೆಡ್‌ನ ಏರಿಳಿತಕ್ಕೆ ಝಡ್ ಎನ್ನುತ್ತಾರೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬಲ್ಲ ದೂರವೇ ಟ್ರಾವೆಲ್. ಈ ಅಳತೆಯ ಮೆಷಿನ್‌ಗಳಲ್ಲಿ ತುಂಬ ಕಡೆ ಕಾಣುವ ಸೀಗ್ ಎಕ್ಸ್2 ಮಾಡೆಲ್ ಅನ್ನೇ ನೋಡಿದರೆ ಎಕ್ಸ್ ಸುಮಾರು 220 ಮಿ.ಮೀ., ವೈ ಸುಮಾರು 100 ಮಿ.ಮೀ. ಇದೆ. ವೈ ಯಾವಾಗಲೂ ಬಡಪಾಯಿ. ತಕರಾರು ಬರುವುದು ಜಾಸ್ತಿ ಅಲ್ಲೇ.

ಸ್ಯಾಡಲ್ ಮತ್ತು ಟೇಬಲ್ ಜಾರುವುದು ಡವ್‌ಟೇಲ್ ಎಂಬ ಓರೆ ಅಂಚಿನ ಹಳಿಗಳ ಮೇಲೆ. ಅಂಚು ಓರೆಯಾಗಿರುವುದರಿಂದ ಮೇಲಿನ ತುಂಡು ಜಾರುತ್ತದೆಯೇ ಹೊರತು ಮೇಲೆ ಏಳುವುದಿಲ್ಲ. ಎರಡರ ನಡುವಿನ ಸಡಿಲವನ್ನು ತುಂಬುವ ತೆಳು ಪಟ್ಟಿಗೆ ಗಿಬ್ ಎನ್ನುತ್ತಾರೆ. ಹ್ಯಾಂಡಲ್ ತಿರುಗಿಸಿದಾಗ ತಿರುಗುವ ಉದ್ದನೆಯ ಸ್ಕ್ರೂ ಲೀಡ್ ಸ್ಕ್ರೂ. ಅದರ ಮೇಲೆ ಓಡುವ ನಟ್ ಸ್ಯಾಡಲ್ ಅನ್ನು ಎಳೆದುಕೊಂಡು ಹೋಗುತ್ತದೆ.

## ಕಾಗದದ ಮೇಲೆ 100, ಕೈಗೆ ಸಿಗುವುದು ಎಷ್ಟು?

ವೈ ಟ್ರಾವೆಲ್ 100 ಮಿ.ಮೀ. ಅಂದರೆ 100 ಮಿ.ಮೀ. ಅಗಲದ ತುಂಡಿನ ಮೇಲ್ಮೈಯನ್ನು ಪೂರ್ತಿ ಸಮ ಮಾಡಬಹುದು ಅಂತ ಅಲ್ಲ. ಕಟರ್‌ಗೂ ಅಗಲ ಇದೆ. 16 ಮಿ.ಮೀ. ಎಂಡ್ ಮಿಲ್ ಕಟರ್ ಒಂದು ಅಂಚಿನ ಹೊರಗೆ ಶುರುವಾಗಿ ಇನ್ನೊಂದು ಅಂಚು ದಾಟಿ ಪೂರ್ತಿ ಹೊರಬರಬೇಕಾದರೆ ಅದರ ಕೇಂದ್ರ ಎರಡೂ ಕಡೆ ಎಂಟೆಂಟು ಮಿ.ಮೀ. ಆಚೆ ಹೋಗಬೇಕು. ಅಲ್ಲಿಗೆ ಜಾಬ್‌ಗೆ ಉಳಿಯುವುದು 84 ಮಿ.ಮೀ. ಬರೀ ತೂತು ಹಾಕುವುದಾದರೆ ಪೂರ್ತಿ 100 ಸಿಗುತ್ತದೆ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಆ 100 ಮಿ.ಮೀ. ಎಲ್ಲಿಂದ ಎಲ್ಲಿಯವರೆಗೆ ಇದೆ? ವೈಸ್‌ನ ಕದಲದ ಜಾ (ದವಡೆ) ಸಾಮಾನ್ಯವಾಗಿ ಕಾಲಮ್ ಕಡೆಗೆ ಇರುತ್ತದೆ. ಜಾಬ್ ಅದರ ಮುಂದೆ, ನಮ್ಮ ಕಡೆಗೆ ಚಾಚಿಕೊಂಡು ಕೂರುತ್ತದೆ. ಜಾಬ್‌ನ ಮುಂದಿನ ಅಂಚಿಗೆ ಸ್ಪಿಂಡಲ್ ಮುಟ್ಟಬೇಕಾದರೆ ಟೇಬಲ್ ಕಾಲಮ್ ಕಡೆಗೆ ಹೋಗಬೇಕು. ಅಲ್ಲೇ ಸ್ಯಾಡಲ್ ಹೋಗಿ ಕಾಲಮ್‌ಗೆ ತಾಗುವುದು. ಅದೇ ಹೊತ್ತಿಗೆ ಇನ್ನೊಂದು ತುದಿಯಲ್ಲಿ ಸ್ಪಿಂಡಲ್ ಜಾ ದಾಟಿ ಖಾಲಿ ಗಾಳಿಯ ಮೇಲೆ ಮೂವತ್ತು ಮಿ.ಮೀ. ಓಡಾಡಬಲ್ಲದು. ಆ ಮೂವತ್ತು ಲೆಕ್ಕದಲ್ಲಿದೆ, ಕೆಲಸಕ್ಕಿಲ್ಲ. ಬಳಕೆಯ ಟ್ರಾವೆಲ್ ಅಂದರೆ ಜಾಬ್ ಇರುವ ಜಾಗ ಮತ್ತು ಸ್ಪಿಂಡಲ್ ಮುಟ್ಟುವ ಜಾಗ ಎರಡೂ ಸೇರುವ ಭಾಗ ಮಾತ್ರ.

ಹಾಗಾಗಿ ಮೊದಲ ಪ್ರಯತ್ನ ಮೆಷಿನ್ ಮೇಲೆ ಮಾಡುವುದೇ ಬೇಡ. ವೈಸ್ ಅನ್ನು ಟೇಬಲ್ ಮೇಲೆ ಇನ್ನೂ ಹಿಂದಕ್ಕೆ ಸರಿಸಿ ಕಟ್ಟಿ ನೋಡಿ. 90 ಡಿಗ್ರಿ ತಿರುಗಿಸಿ, ಜಾಬ್‌ನ ಉದ್ದನೆಯ ಬದಿ ಎಕ್ಸ್ ಕಡೆ ಬರುವ ಹಾಗೆ ಇಡಿ. ಅಗಲದ ಪ್ಲೇಟ್ ಆದರೆ ವೈಸ್ ತೆಗೆದಿಟ್ಟು ಟೇಬಲ್ ಮೇಲೇ ಕ್ಲ್ಯಾಂಪ್ ಹಾಕಿ. ಎಷ್ಟೋ ಸಲ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

## ನಿಲ್ಲಿಸುತ್ತಿರುವುದು ಯಾವುದು?

ಟೇಬಲ್ ನಿಂತಿತು ಅಂದರೆ ಯಾವುದೋ ಒಂದು ಭಾಗ ಇನ್ನೊಂದಕ್ಕೆ ತಾಗಿದೆ ಅಂತ ಅರ್ಥ. ಯಾವುದು ಅಂತ ಹುಡುಕದೆ ಮಾಡಿದ ಮಾರ್ಪಾಡು ಸುಮ್ನೆ ದಂಡ. ಯಾಕೆಂದರೆ ಒಂದು ಅಡ್ಡಿಯ ಹಿಂದೆ ಎರಡೇ ಮಿ.ಮೀ. ದೂರದಲ್ಲಿ ಇನ್ನೊಂದು ಅಡ್ಡಿ ಕಾದಿರಬಹುದು. ಮೊದಲನೆಯದನ್ನು ಕಷ್ಟಪಟ್ಟು ಕತ್ತರಿಸಿದರೂ ಸಿಗುವುದು ಆ ಎರಡೇ.

ವೈ ದಿಕ್ಕಿನಲ್ಲಿ ಅಡ್ಡಿ ಎಲ್ಲೆಲ್ಲಿ ಇರಬಹುದು? ಕಾಲಮ್ ಕಡೆ ಹೋಗುವಾಗ ಸ್ಯಾಡಲ್ ಕಾಲಮ್‌ಗೆ ತಾಗಬಹುದು. ಮಡಿಕೆ ರಬ್ಬರ್ ಕವರ್ ನಡುವೆ ಸಿಕ್ಕಿ ಗಟ್ಟಿಯಾಗಬಹುದು. ಕೆಳಗೆ ನಟ್ ಬೇಸ್‌ನ ಎರಕಕ್ಕೆ ಬಡಿಯಬಹುದು. ಇಲ್ಲವೇ ಸ್ಕ್ರೂವಿನ ಮರೆಯೇ, ಅಂದರೆ ಅದರ ಸುರುಳಿ ಥ್ರೆಡ್ಡೇ, ಮುಗಿದುಹೋಗಬಹುದು. ನಮ್ಮ ಕಡೆ ಬರುವಾಗ ನಟ್ ಹೋಗಿ ಸ್ಕ್ರೂವಿನ ತುದಿಯನ್ನು ಹಿಡಿದಿರುವ ಮುಂದಿನ ಬೇರಿಂಗ್ ಬ್ರಾಕೆಟ್‌ಗೆ ತಾಗುವುದು ಸಾಮಾನ್ಯ.

ಪತ್ತೆ ಮಾಡುವುದು ಕಷ್ಟವಲ್ಲ. ಟೇಬಲ್ ಬಿಚ್ಚಿ, ಸ್ಯಾಡಲ್ ಮಾತ್ರ ಬಿಟ್ಟು, ಎರಡೂ ತುದಿಗೆ ಓಡಿಸಿ. ಕಾಣುವ ಅಡ್ಡಿಯ ನಡುವೆ ಕಾಗದದ ಚೂರು ಇಟ್ಟು ನೋಡಿ. ಕಾಗದ ಸಿಕ್ಕಿಕೊಂಡರೆ ಅಡ್ಡಿ ಅದೇ. ಸಲೀಸಾಗಿ ಹೊರಬಂದರೆ ಅಡ್ಡಿ ಬೇರೆ ಕಡೆ ಇದೆ. ಆಮೇಲೆ ಸ್ಕ್ರೂವನ್ನೂ ಬಿಚ್ಚಿ ಸ್ಯಾಡಲ್ ಅನ್ನು ಕೈಯಿಂದಲೇ ತಳ್ಳಿ. ಈಗ ಎಷ್ಟು ಹೆಚ್ಚು ಹೋಗುತ್ತದೋ ಅಷ್ಟೂ ನಟ್ ಮತ್ತು ಸ್ಕ್ರೂ ತಿಂದುಹಾಕಿದ್ದ ಜಾಗ. ಎರಡೂ ತುದಿಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮುಂದಿನ ಎಲ್ಲ ತೀರ್ಮಾನಕ್ಕೂ ಆ ಹಾಳೆಯೇ ಆಧಾರ.

## ಬಿಗಿ ಕಳೆಯದೆ ಸಿಗುವ ಮಿಲಿಮೀಟರ್‌ಗಳು

ಮೊದಲು ರಬ್ಬರ್ ಕವರ್. ಕಾಲಮ್‌ಗೂ ಸ್ಯಾಡಲ್‌ಗೂ ನಡುವೆ ಇರುವ ಮಡಿಕೆ ಕವರ್ ಎಷ್ಟು ಅಮುಕಿದರೂ ಪೂರ್ತಿ ಚಪ್ಪಟೆ ಆಗುವುದಿಲ್ಲ. ಅದರ ಬದಲು ತೆಳು ರಬ್ಬರ್ ಹಾಳೆಯನ್ನು ಒಂದು ಕಡೆ ಕಾಲಮ್‌ಗೆ, ಇನ್ನೊಂದು ಕಡೆ ಟೇಬಲ್ ಹಿಂದೆ ಕಟ್ಟಿ ಜೋತುಬಿಟ್ಟರೆ ಅಷ್ಟೂ ಜಾಗ ವಾಪಸ್ಸು ಬರುತ್ತದೆ. ಕವರ್ ಇಲ್ಲದೆ ಹಾಗೇ ಬಿಡುವುದು ಬೇಡ. ಲೋಹದ ಚೂರುಗಳು ಹಳಿಯ ಮೇಲೆ ಬಿದ್ದು ಸವೆತ ಶುರುವಾಗುತ್ತದೆ.

ಎರಡನೆಯದು ನಟ್‌ನ ಜಾಗ. ನನ್ನ ಪ್ರಕಾರ ಇಡೀ ವಿಷಯದಲ್ಲಿ ತುಂಬ ಚೆಂದದ ಮಾರ್ಪಾಡು ಇದೇ. ಒಂದು ಉದಾಹರಣೆ ತೆಗೆದುಕೊಳ್ಳೋಣ. ನಮ್ಮ ಕಡೆ ಬರುವಾಗ ನಟ್ ಮುಂದಿನ ಬ್ರಾಕೆಟ್‌ಗೆ ತಾಗಿ ನಿಲ್ಲುತ್ತದೆ. ಆದರೆ ಸ್ಯಾಡಲ್‌ಗೆ ಇನ್ನೂ ಬರಲು ಜಾಗ ಇದೆ. ಕಾಲಮ್ ಕಡೆ ಹೋಗುವಾಗ ಮೊದಲು ಸ್ಯಾಡಲ್ ಕಾಲಮ್‌ಗೆ ತಾಗುತ್ತದೆ. ಆಗ ನಟ್‌ನ ಹಿಂದೆ ಇನ್ನೂ 15 ಮಿ.ಮೀ. ಖಾಲಿ ಉಳಿದಿದೆ. ಅಂದರೆ ನಟ್ ಸ್ಯಾಡಲ್‌ನ ಕೆಳಗೆ ತಪ್ಪು ಜಾಗದಲ್ಲಿ ಕೂತಿದೆ. ಅದನ್ನು ಸ್ಯಾಡಲ್‌ಗೆ ಹೋಲಿಸಿ 12 ಮಿ.ಮೀ. ಹಿಂದಕ್ಕೆ ಸರಿಸಿ ಕೂರಿಸಿದರೆ ಮುಂದಿನ ತುದಿಯಲ್ಲಿ 12 ಮಿ.ಮೀ. ಸಿಕ್ಕಿತು. ಹಿಂದಿನ ತುದಿಯಲ್ಲಿ ಏನೂ ಕಳೆಯಲಿಲ್ಲ, ಇನ್ನೂ ಮೂರು ಉಳಿದಿದೆ. ಇದಕ್ಕೆ ಬೇಕಾದದ್ದು ಹೊಸ ತೂತು, ಅಥವಾ ನಟ್ ಹಿಡಿದುಕೊಳ್ಳುವ ಸಣ್ಣ ಬ್ರಾಕೆಟ್. ಅದನ್ನು ಅದೇ ಮೆಷಿನ್‌ನಲ್ಲಿ ಮಾಡಿಕೊಳ್ಳಬಹುದು. ಮೂಲ ಎರಕಕ್ಕೆ ಅರ ಕೂಡ ತಾಗಿಸಬೇಕಾಗಿಲ್ಲ.

ನಟ್ ಸರಿಸಲು ಜಾಗ ಇಲ್ಲದಿದ್ದರೆ ಮುಂದಿನ ಬೇರಿಂಗ್ ಬ್ರಾಕೆಟ್ ಮತ್ತು ಬೇಸ್ ನಡುವೆ ಒಂದು ಸ್ಪೇಸರ್ ಕೊಡುತ್ತಾರೆ. ಸ್ಪೇಸರ್ ಅಂದರೆ ಎರಡು ಭಾಗಗಳ ನಡುವೆ ಇಡುವ ದಪ್ಪ ತುಂಡು. ಬ್ರಾಕೆಟ್ ಮುಂದಕ್ಕೆ ಬಂದಷ್ಟೂ ನಟ್‌ಗೆ ಜಾಗ. ಸ್ಕ್ರೂ ಕೂಡ ಅಷ್ಟೇ ಮುಂದೆ ಬರುವುದರಿಂದ ಹಿಂದಿನ ತುದಿಯಲ್ಲಿ ಮರೆ ಸಾಕಾಗುತ್ತದೆಯೇ ಅಂತ ನೋಡಿಕೊಳ್ಳಬೇಕು. ಸಾಲದಿದ್ದರೆ ಉದ್ದ ಸ್ಕ್ರೂ ಬೇಕು.

ನಟ್ ಬಡಿಯುವುದು ಬೇಸ್‌ನ ಎರಕಕ್ಕೇ ಆದರೆ ಅಲ್ಲಿ ಕಚ್ಚು ತೆಗೆಯಬೇಕಾಗುತ್ತದೆ. ಬೀಡು ಕಬ್ಬಿಣವನ್ನು ಮಿಲ್ಲಿಂಗ್‌ನಲ್ಲೂ ಗ್ರೈಂಡರ್‌ನಲ್ಲೂ ಸುಲಭವಾಗಿ ಕತ್ತರಿಸಬಹುದು. ಆದರೆ ಬಾಗುವ ಗುಣ ಇಲ್ಲ, ಹೊಡೆತ ಬಿದ್ದರೆ ಬಿರುಕು ಬಿಡುತ್ತದೆ. ಸುತ್ತಿಗೆ ಉಳಿ ಬಳಸಬೇಡಿ. ಡವ್‌ಟೇಲ್ ಹಳಿಯ ಕೆಳಗಿನ ಗೋಡೆಯನ್ನು ಮುಟ್ಟಬೇಡಿ. ಆ ಗೋಡೆ ತೆಳುವಾದರೆ ಹಳಿಯೇ ಬಾಗಬಹುದು. ಬೀಡಿನ ಪುಡಿ ಎಣ್ಣೆಯ ಜೊತೆ ಸೇರಿ ಉಜ್ಜುವ ಪೇಸ್ಟ್ ಆಗಿಬಿಡುತ್ತದೆ. ಹಾಗಾಗಿ ಕತ್ತರಿಸುವ ಮುಂಚೆ ಸ್ಕ್ರೂ, ಗಿಬ್, ಸ್ಯಾಡಲ್ ಎಲ್ಲ ದೂರ ಇಟ್ಟು, ಹಳಿಗೆ ಟೇಪ್ ಸುತ್ತಿ, ಕೆಲಸ ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ಒರೆಸಿ, ಬಿಳಿ ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವ ತನಕ ಮತ್ತೆ ಮತ್ತೆ ಒರೆಸಿ.

## ಹಿಡಿತ ಕಡಿಮೆಯಾದರೆ ಏನಾಗುತ್ತದೆ?

ಇಲ್ಲಿಂದ ಮುಂದಿನ ಮಿಲಿಮೀಟರ್‌ಗಳಿಗೆ ಬೆಲೆ ಇದೆ. ಮೇಜಿನ ಡ್ರಾಯರ್ ಅನ್ನು ಅರ್ಧ ಎಳೆದು ತುದಿ ಹಿಡಿದು ಅಲ್ಲಾಡಿಸಿ. ಸ್ವಲ್ಪವೇ ಅಲುಗುತ್ತದೆ. ಮುಕ್ಕಾಲು ಎಳೆದು ಅಲ್ಲಾಡಿಸಿ. ಅಲುಗಾಟ ಜಾಸ್ತಿ ಆಯಿತು, ಅಲ್ವಾ? ಸಡಿಲ ಮೊದಲಿನಷ್ಟೇ ಇದೆ. ಹಿಡಿದುಕೊಂಡಿರುವ ಉದ್ದ ಕಡಿಮೆಯಾಗಿದೆ, ಅಷ್ಟೇ.

ಸ್ಯಾಡಲ್ ಕೂಡ ಬೇಸ್‌ನ ತುದಿ ದಾಟಿ ಹೊರಗೆ ಚಾಚಿಕೊಂಡರೆ ಹೀಗೇ ಆಗುತ್ತದೆ. ಅಂಕಿಯಲ್ಲಿ ನೋಡೋಣ. ಹಳಿಯ ಮೇಲಿನ ಹಿಡಿತ 120 ಮಿ.ಮೀ., ಗಿಬ್‌ನಲ್ಲಿ ಉಳಿದ ಸಡಿಲ 0.02 ಮಿ.ಮೀ. ಅಂತ ಇಟ್ಟುಕೊಳ್ಳಿ. ಆಗ 150 ಮಿ.ಮೀ. ದೂರದ ಬಿಂದುವಿನಲ್ಲಿ ಅಲುಗಾಟ 0.025 ಮಿ.ಮೀ. ಹಿಡಿತ 80 ಮಿ.ಮೀ.ಗೆ ಇಳಿದರೆ ಅದೇ ಬಿಂದುವಿನಲ್ಲಿ 0.0375 ಮಿ.ಮೀ. ಅಂದರೆ ಒಂದೂವರೆ ಪಟ್ಟು. ಕಟರ್ ಲೋಹ ಕಚ್ಚುವಾಗ ಈ ಅಲುಗಾಟವೇ ನಡುಕವಾಗಿ, ಮೇಲ್ಮೈಯಲ್ಲಿ ಅಲೆ ಅಲೆ ಗುರುತಾಗಿ ಕಾಣುತ್ತದೆ.

ತಯಾರಕರು ಟ್ರಾವೆಲ್‌ಗೆ ಮಿತಿ ಹಾಕುವುದಕ್ಕೆ ಇದೂ ಒಂದು ಕಾರಣ. ಇದರಿಂದ ತಪ್ಪಿಸಿಕೊಳ್ಳುವ ಸರಿಯಾದ ದಾರಿ ಬೇಸ್ ಅನ್ನೇ ಉದ್ದ ಮಾಡುವುದು. ಶೆರ್ಲೈನ್ ಕಂಪನಿಯ ಎರಡು ಮಾಡೆಲ್‌ಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. 5000 ಮಾಡೆಲ್‌ಗೆ 10 ಇಂಚಿನ ಬೇಸ್, ವೈ ಟ್ರಾವೆಲ್ 3 ಇಂಚು. 5400 ಮಾಡೆಲ್‌ಗೆ 12 ಇಂಚಿನ ಬೇಸ್, ವೈ ಟ್ರಾವೆಲ್ 5 ಇಂಚು. ಬೇಸ್ ಎರಡು ಇಂಚು ಬೆಳೆಯಿತು, ಟ್ರಾವೆಲ್ ಕೂಡ ಎರಡೇ ಇಂಚು ಬೆಳೆಯಿತು. ಹಿಡಿತದಿಂದ ಕದ್ದದ್ದು ಏನೂ ಇಲ್ಲ. ಎರಕದ ಬೇಸ್ ಇರುವ ಮೆಷಿನ್‌ನಲ್ಲಿ ಮನೆಯಲ್ಲಿ ಇದನ್ನು ಮಾಡುವುದು ಕಷ್ಟ. ಆಗ ನೆನಪಾಗುವುದೇ ಕಾಲಮ್ ಸ್ಪೇಸರ್.

## ಎರಡು ಸ್ಪೇಸರ್, ಎರಡು ಬೇರೆ ಫಲ

ಕಾಲಮ್ ಬೇಸ್‌ನ ಹಿಂಬದಿಗೆ ಬೋಲ್ಟ್ ಆಗಿರುವ ಮೆಷಿನ್‌ಗಳಲ್ಲಿ ಎರಡರ ನಡುವೆ 25 ಮಿ.ಮೀ. ದಪ್ಪದ ತುಂಡು ಇಟ್ಟು ಕಾಲಮ್ ಅನ್ನು ಹಿಂದಕ್ಕೆ ದೂಡಬಹುದು. ಸ್ಯಾಡಲ್‌ಗೆ ಹಿಂದೆ ಹೋಗಲು 25 ಮಿ.ಮೀ. ಸಿಕ್ಕಿತು. ಆದರೆ ಸ್ಪಿಂಡಲ್ ಕೂಡ ಕಾಲಮ್ ಜೊತೆ ಅಷ್ಟೇ ಹಿಂದೆ ಹೋಯಿತು. ಹಾಗಾದರೆ ಲಾಭ ಎಲ್ಲಿ? ಟೇಬಲ್ ಪೂರ್ತಿ ಹಿಂದೆ ಇದ್ದಾಗ ಸ್ಪಿಂಡಲ್ ಮುಟ್ಟುವ ಜಾಗ ಮೊದಲಿನದ್ದೇ. ಟೇಬಲ್ ಪೂರ್ತಿ ಮುಂದೆ ಬಂದಾಗ ಮಾತ್ರ ಸ್ಪಿಂಡಲ್ ಟೇಬಲ್‌ನ ಹಿಂಭಾಗದಲ್ಲಿ 25 ಮಿ.ಮೀ. ಹೆಚ್ಚು ದೂರ ಮುಟ್ಟುತ್ತದೆ. ಅಂದರೆ ವೈಸ್ ಅನ್ನೂ ಹಿಂದಕ್ಕೆ ಸರಿಸಿ ಕಟ್ಟಿದರೆ ಮಾತ್ರ ಈ ಮಾರ್ಪಾಡು ಫಲ ಕೊಡುತ್ತದೆ.

ಇನ್ನೊಂದು ವಿಧ, ಹೆಡ್ ಮತ್ತು ಅದು ಜಾರುವ ತುಂಡಿನ ನಡುವೆ ಸ್ಪೇಸರ್ ಇಡುವುದು. ಇಲ್ಲಿ ಸ್ಪಿಂಡಲ್ ನಮ್ಮ ಕಡೆಗೆ ಬರುತ್ತದೆ. ಟ್ರಾವೆಲ್ ಒಂದು ಮಿ.ಮೀ. ಕೂಡ ಹೆಚ್ಚುವುದಿಲ್ಲ. ಆದರೆ ಜಾಬ್‌ನ ಮುಂದಿನ ಅಂಚು ಮುಟ್ಟದ ತೊಂದರೆ ನೀಗುತ್ತದೆ. ಇದಕ್ಕೆ ಕೊಡುವ ಬೆಲೆ ದೊಡ್ಡದು. ಕಾಲಮ್‌ನಿಂದ ಸ್ಪಿಂಡಲ್ ಕೇಂದ್ರಕ್ಕೆ 170 ಮಿ.ಮೀ. ಇದ್ದದ್ದು 195 ಆಯಿತು ಅನ್ನಿ. ಅದೇ ಬಲಕ್ಕೆ ಕಾಲಮ್ ತಿರುಚುವ ಒತ್ತಡ ಶೇ. 15ರಷ್ಟು ಹೆಚ್ಚುತ್ತದೆ. ತಿರುಚಿದ ಕೋನ ಇನ್ನೂ ಉದ್ದದ ತೋಳಿನ ತುದಿಯಲ್ಲಿ ಕಾಣುವುದರಿಂದ ಕಟರ್ ಪಕ್ಕಕ್ಕೆ ಸರಿಯುವುದು ಸುಮಾರು ಶೇ. 32 ಹೆಚ್ಚುತ್ತದೆ. ಕಾಲಮ್ ಸ್ಪೇಸರ್‌ನಲ್ಲಿ ಈ ತೋಳು ಬೆಳೆಯುವುದಿಲ್ಲ. ಆಯ್ಕೆ ಇದ್ದರೆ ಅದೇ ಮೇಲು.

ಹಾಗಂತ ಕಾಲಮ್ ಸ್ಪೇಸರ್ ಹೇಗಿದ್ದರೂ ನಡೆಯುತ್ತದೆ ಅಂತ ಅಲ್ಲ. ಅದರ ಎರಡು ಮುಖ ಒಂದಕ್ಕೊಂದು ಸಮಾನಾಂತರ ಇರಲೇಬೇಕು. 80 ಮಿ.ಮೀ. ಎತ್ತರದ ತುಂಡಿನಲ್ಲಿ ಮೇಲಕ್ಕೂ ಕೆಳಕ್ಕೂ 0.05 ಮಿ.ಮೀ. ವ್ಯತ್ಯಾಸ ಇದ್ದರೆ 300 ಮಿ.ಮೀ. ಮೇಲೆ ಕಾಲಮ್ ಸುಮಾರು 0.19 ಮಿ.ಮೀ. ವಾಲುತ್ತದೆ. ಉಕ್ಕು ಅಥವಾ ಬೀಡು ಬಳಸಿ. ಕಾಲಮ್ ಕೂರುವ ಪೂರ್ತಿ ಅಗಲಕ್ಕೂ ಆಧಾರ ಸಿಗಲಿ, ನಾಲ್ಕು ವಾಷರ್ ಇಟ್ಟು ಬಿಗಿಯುವುದು ಸ್ಪೇಸರ್ ಅನ್ನಿಸಿಕೊಳ್ಳುವುದಿಲ್ಲ. ಬೋಲ್ಟ್ ಸ್ಪೇಸರ್‌ನ ದಪ್ಪದಷ್ಟು ಮೊದಲಿಗಿಂತ ಹೆಚ್ಚು ಉದ್ದ ಇರಬೇಕು, ಎರಕದ ಒಳಗೆ ಮರೆ ಹಿಡಿಯುವುದು ಮೊದಲಿಗಿಂತ ಕಡಿಮೆ ಆಗಬಾರದು. ಸ್ಪೇಸರ್‌ನ ಮೇಲ್ತುದಿ ಸ್ಯಾಡಲ್‌ಗೆ ತಾಗದ ಹಾಗೆ ಕೆಳಗೇ ಇರಲಿ, ಇಲ್ಲದಿದ್ದರೆ ಸಿಕ್ಕ ಜಾಗ ಅಲ್ಲೇ ಮುಚ್ಚಿಹೋಗುತ್ತದೆ. ಮತ್ತೆ ಸ್ಯಾಡಲ್ ಈಗ ಬೇಸ್‌ನ ಹಿಂದಿನ ತುದಿ ದಾಟುತ್ತದೆಯೇ ನೋಡಿ. ದಾಟಿದರೆ ಮೇಲೆ ಹೇಳಿದ ಹಿಡಿತದ ಲೆಕ್ಕ ಇಲ್ಲೂ ಬರುತ್ತದೆ.

## ಎಕ್ಸ್ ಕಡೆ

ಇಲ್ಲಿ ಸ್ಕ್ರೂ ಟೇಬಲ್ ಜೊತೆ ಓಡಾಡುತ್ತದೆ, ನಟ್ ಸ್ಯಾಡಲ್‌ನಲ್ಲಿ ನಿಂತಿರುತ್ತದೆ. ತುದಿಯ ಬ್ರಾಕೆಟ್ ನಟ್‌ಗೋ ಸ್ಯಾಡಲ್‌ಗೋ ತಾಗಿದಾಗ ಟೇಬಲ್ ನಿಲ್ಲುತ್ತದೆ. ನಟ್‌ನ ಹೆಚ್ಚುವರಿ ಅಂಚು ಸವರುವುದು, ತುದಿಯ ಬ್ರಾಕೆಟ್ ಹೊರಗೆ ಸರಿಸುವುದು, ಟೇಬಲ್ ಮುಂದಿನ ಸ್ಟಾಪ್ ಪಟ್ಟಿ ತೆಗೆಯುವುದು ಇವೆಲ್ಲ ಸುಲಭ. ಅದಕ್ಕಿಂತ ಜಾಸ್ತಿ ಬೇಕಾದರೆ ಉದ್ದ ಟೇಬಲ್ ಮತ್ತು ಉದ್ದ ಸ್ಕ್ರೂ ಬೇಕು.

## ಝಡ್: ಏರಿಳಿತ ಬೇರೆ, ಸಂದು ಬೇರೆ

ಎತ್ತರದ ತೊಂದರೆ ಬಂದಾಗ ಹೆಚ್ಚಿನ ಸಲ ಕಡಿಮೆ ಬಿದ್ದಿರುವುದು ಟ್ರಾವೆಲ್ ಅಲ್ಲ, ಟೇಬಲ್‌ಗೂ ಸ್ಪಿಂಡಲ್ ಮೂತಿಗೂ ನಡುವಿನ ಸಂದು. ಹೆಡ್ ಪೂರ್ತಿ ಏರಿದಾಗ ಆ ಸಂದು 280 ಮಿ.ಮೀ. ಅಂತ ಇಟ್ಟುಕೊಳ್ಳಿ. ವೈಸ್‌ನ ತಳ 75, ಅದರ ಮೇಲೆ ಜಾಬ್ 40. ಡ್ರಿಲ್ ಬಿಟ್ ಹಿಡಿಯುವ ಚಕ್ 90. ಸಾಮಾನ್ಯ 8 ಮಿ.ಮೀ. ಡ್ರಿಲ್ ಬಿಟ್ 117 ಮಿ.ಮೀ. ಉದ್ದ, ಚಕ್‌ನಿಂದ ಹೊರಗೆ 80. ಒಟ್ಟು 285. ಬಿಟ್ ಜಾಬ್ ಮೇಲೆ ಬರುವುದೇ ಇಲ್ಲ.

ಈಗ ಅದೇ ಅಳತೆಯ ಗಿಡ್ಡ ಬಿಟ್ ತೆಗೆದುಕೊಳ್ಳಿ, ಸ್ಟಬ್ ಡ್ರಿಲ್ ಎನ್ನುತ್ತಾರೆ. ಅದರ ಉದ್ದ 79 ಮಿ.ಮೀ., ಹೊರಗೆ 45. ಚಕ್ ಬದಲು 50 ಮಿ.ಮೀ. ಉದ್ದದ ಕಾಲೆಟ್ ಹೋಲ್ಡರ್. ಒಟ್ಟು 210. ಮೆಷಿನ್ ಮುಟ್ಟದೆ 70 ಮಿ.ಮೀ. ಉಳಿಯಿತು. ಗಿಡ್ಡ ಬಿಟ್ ಬಾಗುವುದೂ ಕಡಿಮೆ, ತೂತು ನೆಟ್ಟಗೆ ಬರುತ್ತದೆ. ತಗ್ಗಿನ ವೈಸ್ ಸಿಕ್ಕರೆ ಇನ್ನೂ ಒಳ್ಳೆಯದು.

ಕಾಲಮ್ ಕೆಳಗೆ 50 ಮಿ.ಮೀ. ಎತ್ತರದ ತುಂಡು ಕೊಟ್ಟು ಏರಿಸುವವರೂ ಇದ್ದಾರೆ. ಸಂದು 50 ಹೆಚ್ಚುತ್ತದೆ, ಏರಿಳಿತ ಹೆಚ್ಚುವುದಿಲ್ಲ. ಹೆಡ್ ಪೂರ್ತಿ ಇಳಿದಾಗಲೂ ಮೊದಲಿಗಿಂತ 50 ಮಿ.ಮೀ. ಮೇಲೇ ನಿಲ್ಲುತ್ತದೆ. ತೆಳು ಪ್ಲೇಟ್ ಟೇಬಲ್ ಮೇಲೆ ಕಟ್ಟಿ ಗಿಡ್ಡ ಕಟರ್ ಹಾಕಿದರೆ ಅದು ಮುಟ್ಟದೇ ಹೋಗಬಹುದು. ಹೆಡ್‌ನ ಭಾರ ಹೊರುವ ತಿರುಚು ಸ್ಪ್ರಿಂಗ್‌ನ ತೋಳು ಕೆಲವು ಮೆಷಿನ್‌ಗಳಲ್ಲಿ ಹೆಡ್ ಏರುವುದಕ್ಕೆ ಮಿತಿ ಹಾಕುತ್ತದೆ. ಅದರ ಬದಲು ಗ್ಯಾಸ್ ಸ್ಪ್ರಿಂಗ್ ಹಾಕಿದರೆ ಹೆಡ್ ಇನ್ನೂ ಮೇಲೆ ಹೋಗುತ್ತದೆ, ಇದು ನಿಜವಾದ ಟ್ರಾವೆಲ್.

## ಬಾಲ್ ಸ್ಕ್ರೂ ಹಾಕುವವರಿಗೆ

ಕಂಪ್ಯೂಟರ್‌ನಿಂದ ಓಡಿಸಲು ಲೀಡ್ ಸ್ಕ್ರೂ ತೆಗೆದು ಬಾಲ್ ಸ್ಕ್ರೂ (ನಟ್ ಒಳಗೆ ಸಣ್ಣ ಗುಂಡುಗಳು ಉರುಳುವ ಸ್ಕ್ರೂ) ಹಾಕಿದಾಗ ಟ್ರಾವೆಲ್ ಕಡಿಮೆಯಾಗುವುದುಂಟು. ಕಾರಣ ನಟ್‌ನ ಗಾತ್ರ. 16 ಮಿ.ಮೀ. ಬಾಲ್ ಸ್ಕ್ರೂವಿನ ನಟ್ ಸಾಮಾನ್ಯವಾಗಿ 28 ಮಿ.ಮೀ. ದಪ್ಪ, ಅದರ ಅಂಚು 48 ಮಿ.ಮೀ. ಅಗಲ. ಸ್ಯಾಡಲ್ ಕೆಳಗಿನ ಗೂಡಿಗೆ ಅದು ಸುಮ್ಮನೆ ಹೋಗುವುದಿಲ್ಲ. 12 ಮಿ.ಮೀ. ಸ್ಕ್ರೂ ಆರಿಸಿಕೊಂಡರೆ ಕತ್ತರಿಸುವುದು ಕಡಿಮೆ, ಟ್ರಾವೆಲ್ ಉಳಿಯುವುದು ಜಾಸ್ತಿ. ಈ ಅಳತೆಯ ಮೆಷಿನ್‌ನ ಬಲಕ್ಕೆ ಅದು ಸಾಕು.

## ಜೋಡಿಸಿದ ಮೇಲೆ

ಕಾಲಮ್ ಅಥವಾ ಹೆಡ್ ಒಮ್ಮೆ ಬಿಚ್ಚಿದರೆ ಸ್ಪಿಂಡಲ್ ಟೇಬಲ್‌ಗೆ ನೇರವಾಗಿದೆಯೇ ಅಂತ ನೋಡಲೇಬೇಕು. ಸ್ಪಿಂಡಲ್‌ಗೆ 75 ಮಿ.ಮೀ. ತೋಳು ಕಟ್ಟಿ ಅದರ ತುದಿಗೆ ಡಯಲ್ ಗೇಜ್ (ಸಣ್ಣ ಅಲುಗಾಟವನ್ನು ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಹಾಕಿ, ಕೈಯಿಂದ ಒಂದು ಸುತ್ತು ತಿರುಗಿಸಿ. ಎಡ, ಬಲ, ಹಿಂದೆ, ಮುಂದೆ ನಾಲ್ಕೂ ಕಡೆ ಓದಿ. ಹಿಂದೆ ಮತ್ತು ಮುಂದೆ 0.05 ಮಿ.ಮೀ. ವ್ಯತ್ಯಾಸ ಬಂದರೆ ಕಾಲಮ್ ವಾಲಿದೆ ಅಂತ ಅರ್ಥ. ಸ್ಪೇಸರ್‌ನ ಮೇಲೆ ಅಥವಾ ಕೆಳಗೆ ತೆಳು ಹಾಳೆಯ ಶಿಮ್ ಕೊಟ್ಟು ಮತ್ತೆ ಬಿಗಿದು ಮತ್ತೆ ಓದಬೇಕು. ಬೋಲ್ಟ್ ಬಿಗಿಯುವಾಗಲೂ ಓದು ಬದಲಾಗುತ್ತದೆ, ಅದಕ್ಕೇ ಸ್ವಲ್ಪ ಸ್ವಲ್ಪವಾಗಿ, ಎದುರುಬದುರು ಬೋಲ್ಟ್‌ಗಳನ್ನು ಬಿಗಿಯುತ್ತಾ ಹೋಗಿ.

ಆಮೇಲೆ ಗಿಬ್. ಅದನ್ನು ಹೊಸ ಟ್ರಾವೆಲ್‌ನ ತುದಿಯಲ್ಲಿ ಇಟ್ಟುಕೊಂಡೇ ಹೊಂದಿಸಿ ನೋಡಿ. ಟೇಬಲ್‌ನ ಮೂಲೆಗೆ ಡಯಲ್ ಗೇಜ್ ತಾಗಿಸಿ, ಅಂಗೈಯಿಂದ ಮೆಲ್ಲಗೆ ತಳ್ಳಿ. ಮಧ್ಯದಲ್ಲಿ ಬಂದ ಓದು, ತುದಿಯಲ್ಲಿ ಬಂದ ಓದು ಎರಡನ್ನೂ ಬರೆದುಕೊಳ್ಳಿ. ತುದಿಯಲ್ಲಿ ಮುಳ್ಳು ಎರಡು ಪಟ್ಟು ಅಲುಗಿದರೆ ಆ ಕೊನೆಯ ಮಿಲಿಮೀಟರ್‌ಗಳನ್ನು ತೂತು ಹಾಕುವುದಕ್ಕೆ, ತೆಳು ಕಟ್‌ಗೆ ಮಾತ್ರ ಇಟ್ಟುಕೊಳ್ಳಿ. ಅಲ್ಲಿ ಕಟ್ ಹಾಕಲೇಬೇಕಾದರೆ ಬಳಸದ ದಿಕ್ಕಿನ ಲಾಕ್ ಸ್ಕ್ರೂ ಬಿಗಿದು, ಒಂದೊಂದು ಸಲಕ್ಕೂ ಆಳ ಕಡಿಮೆ ಮಾಡಿ.